ಬ್ಯಾರನ್ ದೊಡ್ಡಪ್ಪನ ಥರ್ಮಾಮೀಟರ್

ಹೋದ ತಿಂಗಳು ಮನೆಗೆ ಬಣ್ಣ ಹೊಡೆಸಲೆಂದು ಅಟ್ಟದ ಸಾಮಾನನ್ನೆಲ್ಲ ಕೆಳಗಿಳಿಸಿದಾಗ, ಹಳೆಯ ಪಠ್ಯಪುಸ್ತಕಗಳ ಕಟ್ಟಿನ ಹಿಂದೆ ಒಂದು ಬಟ್ಟೆಯ ಸುರುಳಿ ಸಿಕ್ಕಿತು. ಬಿಚ್ಚುವ ಮೊದಲೇ ಒಳಗೇನಿದೆ ಎಂದು ಮೂಗಿಗೆ ಗೊತ್ತಾಯಿತು. ಹದವಾಗಿ ಬೆಂದ ಹೊಗೆಸೊಪ್ಪಿನ ವಾಸನೆ... ಬೆಲ್ಲದ ಪಾಕ, ಒಣಹುಲ್ಲು, ಒಂದಿಷ್ಟು ಹೊಗೆ, ಮೂರೂ ಬೆರೆತ ಹಾಗೆ. ಬೆಟ್ಟದಪುರದ ಸುತ್ತಮುತ್ತ ಹುಟ್ಟಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳಗಿದ್ದದ್ದು ಮರದ ಪಟ್ಟಿಗೆ ಬಿಗಿದ ಗಾಜಿನ ಥರ್ಮಾಮೀಟರ್, ಸೊಪ್ಪು ಬೇಯಿಸುವ ಮನೆಯಲ್ಲಿ, ಅಂದರೆ ಬ್ಯಾರನ್ನಿನಲ್ಲಿ, ನೇತು ಹಾಕುವಂಥದು. ಫ್ಯಾರನ್‌ಹೀಟ್ ಅಂಕಿಗಳು ಅರ್ಧಕ್ಕರ್ಧ ಅಳಿಸಿವೆ. ನೂರರ ಎದುರಿಗೆ ಮಾತ್ರ ಚಾಕುವಿನಿಂದ ಕೊರೆದ ಒಂದು ಆಳವಾದ ಗೆರೆ.

ಆ ಗೆರೆ ಕೊರೆದವರು ನಮ್ಮ ಪಕ್ಕದ ಮನೆಯ ದೊಡ್ಡಪ್ಪ. ರಕ್ತಸಂಬಂಧವೇನೂ ಇಲ್ಲ. ಎರಡು ಮನೆಗಳ ನಡುವೆ ಒಂದೇ ಗೋಡೆ, ಅಷ್ಟೇ ನಂಟು. ಊರಿನಲ್ಲಿ ಎಲ್ಲರೂ ಅವರನ್ನು ಬ್ಯಾರನ್ ದೊಡ್ಡಪ್ಪ ಎನ್ನುತ್ತಿದ್ದರು. ಸೊಪ್ಪು ಮುರಿಯುವ ಕಾಲ ಬಂತೆಂದರೆ ಅವರ ಊಟ, ನಿದ್ದೆ ಎಲ್ಲ ಬ್ಯಾರನ್ನಿನ ಪಕ್ಕದ ಚಪ್ಪರದಲ್ಲೇ. ಹೊರಗಿನ ಒಲೆಗೆ ಸೌದೆ ಇಟ್ಟರೆ ಕಾವು ಕಬ್ಬಿಣದ ಕೊಳವೆಗಳಲ್ಲಿ ಹರಿದು ಒಳಗೆಲ್ಲ ಸುತ್ತುತ್ತದೆ. ಅದನ್ನು ಗಂಟೆಗಂಟೆಗೂ ಏರಿಸಿ ಇಳಿಸಿ ಎಲೆಯನ್ನು ಹಸಿರಿನಿಂದ ಹಳದಿಗೆ ತರಬೇಕು. ಅನುಭವವಿದ್ದವರು ಬಾಗಿಲಿಗೆ ಅಂಗೈ ಇಟ್ಟೇ ಕಾವು ಹೇಳುತ್ತಾರೆ. ದೊಡ್ಡಪ್ಪನಿಗೆ ಎಲ್ಲರಿಗಿಂತ ಹೆಚ್ಚು ಅನುಭವವಿತ್ತು, ಆದರೂ ಅಂಗೈಯನ್ನು ಒಂದು ದಿನವೂ ನಂಬಿದವರಲ್ಲ. ಕಿಂಡಿಯಲ್ಲಿ ಇಣುಕಿ ಪಾದರಸ ನೋಡಲೇಬೇಕು. "ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂದವ್ರೆ ಕಣೋ ಮೇಷ್ಟ್ರೆ. ಸುಮ್ಕೆ ಅಂದಾರಾ?" ಎನ್ನುತ್ತಿದ್ದರು. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನನಗೇ ಪಾಠ!

ಆ ಹಟಕ್ಕೆ ಒಂದು ಕಾರಣವಿತ್ತು. ವಯಸ್ಸಿನಲ್ಲಿದ್ದಾಗ ಒಮ್ಮೆ, ಬೆಂಕಿ ಆರಿ ಒಂದು ದಿನವಾಯಿತು, ಒಳಗೆಲ್ಲ ತಣ್ಣಗಿದೆ ಎಂದು ಯಾರೋ ಅಂದದ್ದನ್ನು ನಂಬಿ, ತಮ್ಮನ ಮಗಳನ್ನು ಬ್ಯಾರನ್ನಿನೊಳಗೆ ಬಿಟ್ಟಿದ್ದರಂತೆ. ಆರಿದ ಬೆಂಕಿಯ ಕಾವು ಕಬ್ಬಿಣದಲ್ಲಿ ಇನ್ನೂ ಉಳಿದಿತ್ತು. ಮಗು ಕೊಳವೆಯ ಮೇಲೆ ಕೈ ಊರಿತು. ಆ ಹುಡುಗಿ ಈಗ ಹುಣಸೂರಿನಲ್ಲಿ ಗೃಹಿಣಿ, ಅಂಗೈಯಲ್ಲಿ ಆ ಕಲೆ ಈಗಲೂ ಇದೆ. ಆವತ್ತೇ ದೊಡ್ಡಪ್ಪ ಆ ಗೆರೆ ಕೊರೆದದ್ದು. ಪಾದರಸ ನೂರರ ಕೆಳಗೆ ಇಳಿಯುವ ತನಕ ಯಾವ ಮಗುವೂ ಬ್ಯಾರನ್ನಿನ ಹೊಸ್ತಿಲು ದಾಟುವಂತಿಲ್ಲ. ಹೊತ್ತಿಕೊಂಡ ಬೆಂಕಿಗಿಂತ ಆರಿದ ಬೆಂಕಿಯೆಂದರೇ ಅವರಿಗೆ ಹೆಚ್ಚು ಭಯ.

ಇದನ್ನೆಲ್ಲ ತಿಳಿದಿದ್ದೂ ನಾನು ಆ ಮಾತು ಆಡಿದೆನಲ್ಲ... ಅದನ್ನೇ ಬರೆಯಲು ಕೂತಿದ್ದೇನೆ.

ಆರು ವರ್ಷದ ಹಿಂದಿನ ಮಾತು. ದೊಡ್ಡಪ್ಪನಿಗೆ ಮೂತ್ರದ ತೊಂದರೆ ಶುರುವಾಗಿ ಬಹಳ ದಿನವಾಗಿತ್ತು. ಹರಾಜು ಮುಗೀಲಿ, ಸೊಪ್ಪು ಪೂರ್ತಿ ಹೋಗಲಿ ಎಂದು ಮುಂದೂಡುತ್ತಲೇ ಬಂದರು. ಕೊನೆಗೆ ಮೈಸೂರಿನ ಡಾಕ್ಟರು ರಕ್ತ ನೋಡಿ, ಚೂರು ಮಾಂಸ ತೆಗೆದು ನೋಡಿ, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದರು. ಅದು ಅಲ್ಲೇ ಇದೆಯೋ ಬೇರೆ ಕಡೆ ಹರಡಿದೆಯೋ ತಿಳಿಯಲು ಇನ್ನೊಂದು ಸ್ಕ್ಯಾನ್ ಆಗಬೇಕು ಎಂದರು. ಜೊತೆಗೆ ಹೋಗುತ್ತಿದ್ದವನು ನಾನು. ಅವರ ಮನೆಯಲ್ಲಿ ಈ ವಿಷಯ ಯಾರಿಗೂ ಗೊತ್ತಿರಲಿಲ್ಲ. ಮಗ ಅವರ ಜೊತೆಯಲ್ಲೇ ಹೊಲ ನೋಡಿಕೊಳ್ಳುತ್ತಿದ್ದ. ಸೊಸೆ ತುಂಬು ಗರ್ಭಿಣಿ. ತವರಿನಲ್ಲಿ ತಾಯಿ ಇಲ್ಲದ ಹೆಣ್ಣುಮಗಳಾದ್ದರಿಂದ ಹೆರಿಗೆ, ಬಾಣಂತನ ಎಲ್ಲ ಇಲ್ಲೇ ಎಂದು ದೊಡ್ಡಪ್ಪನೇ ತೀರ್ಮಾನಿಸಿದ್ದರು. "ಬಾಣ್ತಿ ನೀರು ಕಾಯ್ಸೋದು ನಂದು. ನಲವತ್ತು ವರ್ಸದಿಂದ ಒಲೆ ಮುಂದೆ ಕುಂತಿರೋನು ನಾನು, ನೀವು ಯಾರೂ ಕೈ ಇಕ್ಬ್ಯಾಡಿ" ಎಂದು ಮೊದಲೇ ಅಪ್ಪಣೆಯಾಗಿತ್ತು. ಹೆರಿಗೆ ಸುಸೂತ್ರವಾಗಿ ಆಗುವ ತನಕ ಕಾಯಿಲೆಯ ಸುದ್ದಿ ಆ ಮನೆಯೊಳಗೆ ಹೋಗಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಸ್ಕ್ಯಾನಿನ ದಿನ ಬೆಳಗಿನ ಬಸ್ಸಿಗೆ ಹೊರಟೆವು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ದಪ್ಪ ಬಾಗಿಲಿನ ಕೋಣೆಗಳು. ಅಲ್ಲಿದ್ದ ಟೆಕ್ನಿಷಿಯನ್ ಹುಡುಗಿ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು ಎಂದಳು. ದೊಡ್ಡಪ್ಪನ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇತ್ತು, ಒಳಗೆ ಲಿಂಗ. ದೀಕ್ಷೆಯಾದಂದಿನಿಂದ ಮೈ ಬಿಟ್ಟು ಹೋದದ್ದಿಲ್ಲ. ಹುಡುಗಿ ಪಾಪ, ಹೇಗೆ ಹೇಳುವುದೆಂದು ತಡವರಿಸುತ್ತಿದ್ದಾಗ ಅವರೇ ಮೂಲೆಗೆ ತಿರುಗಿ, ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ರಟ್ಟೆಗೆ ಕಟ್ಟಿಕೊಂಡು, ಬರಿ ಕರಡಿಗೆಯನ್ನು ನನ್ನ ಕೈಗಿತ್ತರು. "ಬೆಳ್ಳಿ ನಿನ್ ತಾವಿರ್ಲಿ, ಸಿವ ನನ್ ತಾವಿರ್ತಾನೆ" ಎಂದರು. ಹುಡುಗಿ ನಕ್ಕು ಒಪ್ಪಿಕೊಂಡಳು.

ಔಷಧಿ ಬಂದದ್ದು ಸೀಸದ ಡಬ್ಬಿಯಲ್ಲಿ. ಸಿರಿಂಜಿಗೂ ಒಂದು ಸೀಸದ ಅಂಗಿ. ಗ್ಯಾಲಿಯಮ್ ಎಂಬ ಧಾತುವಿನ ವಿಕಿರಣ ಸೂಸುವ ಒಂದು ಬಗೆ, ಅದನ್ನು ಇನ್ನೊಂದು ವಸ್ತುವಿಗೆ ಅಂಟಿಸಿರುತ್ತಾರೆ. ಆ ವಸ್ತುವಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಕಣಗಳ ಗುರುತು ಚೆನ್ನಾಗಿ ಗೊತ್ತು. ಅವು ಮೈಯಲ್ಲಿ ಎಲ್ಲೇ ಅಡಗಿರಲಿ, ಹುಡುಕಿಕೊಂಡು ಹೋಗಿ ಅವಕ್ಕೆ ಅಂಟಿ ಕೂರುತ್ತದೆ. ಅದರಿಂದ ಹೊರಡುವ ಕಿರಣಗಳನ್ನು ಯಂತ್ರ ಹೊರಗಿನಿಂದ ಹಿಡಿಯುತ್ತದೆ. ಪರದೆಯ ಮೇಲೆ ಆ ಜಾಗಗಳು ಹೊಳೆಯುತ್ತವೆ. ಕೋಣೆಯೊಳಗೆ ಅವರನ್ನು ಒಬ್ಬರನ್ನೇ ಒಂದು ಗಂಟೆ ಕೂರಿಸಿದರು, ನೀರು ಕುಡಿಸಿದರು, ಆಮೇಲೆ ಯಂತ್ರದೊಳಗೆ ಮಲಗಿಸಿದರು. ಹೊರಗೆ ನಾನು ಖಾಲಿ ಕರಡಿಗೆ ಹಿಡಿದುಕೊಂಡು ಕೂತಿದ್ದೆ.

ಹೊರಡುವಾಗ ಹುಡುಗಿ ಒಂದು ಚೀಟಿ ಕೊಟ್ಟು, ಚೆನ್ನಾಗಿ ನೀರು ಕುಡಿಯಬೇಕು, ಈ ದಿನ ಮಾತ್ರ ಗರ್ಭಿಣಿಯರು, ಚಿಕ್ಕ ಮಕ್ಕಳಿಂದ ದೂರ ಇರಬೇಕು ಎಂದಳು. ಈ ದಿನ ಮಾತ್ರ. ಅವಳು ಹೇಳಿದ್ದು ಸ್ಪಷ್ಟವಾಗಿತ್ತು, ಚೀಟಿಯಲ್ಲಿದ್ದದ್ದೂ ಸ್ಪಷ್ಟವಾಗಿತ್ತು. ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು. ಮೇಷ್ಟ್ರ ಬಾಯಿ ಬಿಡಬೇಕಲ್ಲ!

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ದೋಸೆ ಮುಂದಿಟ್ಟುಕೊಂಡು ಕೂತಾಗ ದೊಡ್ಡಪ್ಪ ಕೇಳಿದರು, "ಅದು ಎಷ್ಟೊತ್ತು ಇರ್ತದೆ ಒಳಗೆ?" ಇಂಥ ಪ್ರಶ್ನೆ ನನಗೆ ತರಗತಿಯಲ್ಲಿ ಒಬ್ಬ ಮಗನೂ ಕೇಳಿದವನಲ್ಲ. ಹುರುಪು ಬಂತು. ನನ್ನ ದೋಸೆಯನ್ನೇ ಹರಿದು ತೋರಿಸಿದೆ. ಒಂದು ಗಂಟೆ ಎಂಟು ನಿಮಿಷಕ್ಕೆ ಅರ್ಧ ಹೋಗುತ್ತದೆ, ಇಷ್ಟು ಉಳಿಯಿತು. ಇನ್ನೊಂದು ಗಂಟೆ ಎಂಟು ನಿಮಿಷಕ್ಕೆ ಇದರಲ್ಲಿ ಅರ್ಧ. ಮತ್ತೆ ಅದರಲ್ಲಿ ಅರ್ಧ... ಹರಿದು ಹರಿದು ತಟ್ಟೆಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಚೂರು ಉಳಿಯಿತು.

"ಇದೂ ಓಯ್ತದಾ?"

"ಇದರಲ್ಲೂ ಅರ್ಧ ಹೋಗುತ್ತೆ. ಲೆಕ್ಕದ ಪ್ರಕಾರ ಪೂರ್ತಿ ಸೊನ್ನೆ ಅನ್ನೋದು ಯಾವತ್ತೂ ಬರೋದೇ ಇಲ್ಲ ದೊಡ್ಡಪ್ಪ!"

ದೊಡ್ಡ ಜಾಣನಂತೆ ಹೇಳಿ ನಕ್ಕೆ. ಅವರು ನಗಲಿಲ್ಲ. ಆ ಚೂರನ್ನೇ ನೋಡುತ್ತಾ, "ಇದ್ಕೆ ಒಂದು ಥರ್ಮಾಮೀಟ್ರು ಇಲ್ವಾ?" ಎಂದರು. "ಅದೇನು ಜ್ವರವಾ, ಥರ್ಮಾಮೀಟರ್ ಇಟ್ಟು ನೋಡೋಕೆ" ಎಂದು ಅದಕ್ಕೂ ನಕ್ಕುಬಿಟ್ಟೆ. ವಿಕಿರಣ ಅಳೆಯುವ ಮೀಟರು ಆ ಹುಡುಗಿಯ ಮೇಜಿನ ಮೇಲೇ ಇತ್ತು. ನಾನು ಅದನ್ನು ಕಣ್ಣಾರೆ ನೋಡಿದ್ದೆ. ಆ ಹೊತ್ತಿಗೆ ನೆನಪಾಗಲಿಲ್ಲ, ನೆನಪು ಮಾಡಿಕೊಳ್ಳುವ ಗೋಜಿಗೂ ನಾನು ಹೋಗಲಿಲ್ಲ.

ವಾಪಸು ಬರುವಾಗ ಹುಣಸೂರಿನಲ್ಲಿ ಒಬ್ಬ ಹೆಂಗಸು ಕಂಕುಳಲ್ಲಿ ಕೂಸು ಎತ್ತಿಕೊಂಡು ಬಸ್ ಹತ್ತಿ ನಮ್ಮ ಸೀಟಿಗೇ ಬಂದಳು. ದೊಡ್ಡಪ್ಪ ತಟ್ಟನೆ ಎದ್ದು ಬಸ್ಸಿನ ಹಿಂಬಾಗಿಲ ತನಕ ಸರಿದುಹೋದರು. ಎಪ್ಪತ್ತರ ಹತ್ತಿರದ ಮನುಷ್ಯ, ಪಿರಿಯಾಪಟ್ಟಣದ ತನಕ ಕಂಬಿ ಹಿಡಿದು ನಿಂತೇ ಬಂದರು. ಆ ದಿನ ಅದು ಸರಿಯೇ ಇತ್ತು. ಒಳ್ಳೆಯ ವಿದ್ಯಾರ್ಥಿ ಎಂದುಕೊಂಡೆ.

ಮರುದಿನವೇ ನಾನು ಹತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದಲು ಮೈಸೂರಿಗೆ ಹೊರಟೆ. ಮೂರನೆಯ ದಿನ ವರದಿ ಬಂತು. ಸೊಂಟದ ಮೂಳೆಯಲ್ಲಿ, ಬೆನ್ನುಮೂಳೆಯಲ್ಲಿ ಚುಕ್ಕಿಗಳು ಹೊಳೆದಿದ್ದವು. ಹರಡಿತ್ತು. ದೊಡ್ಡಪ್ಪ ಒಬ್ಬರೇ ಬಸ್ಸಿಗೆ ಬಂದರು. ಡಾಕ್ಟರು ಆ ಚಿತ್ರ ತೋರಿಸಿದಾಗ ಬಗ್ಗಿ ನೋಡಿ, "ಕಿಂಡೀಲಿ ಕೆಂಡ ನೋಡ್ದಂಗದೆ" ಎಂದರು. ಇಂಜೆಕ್ಷನ್ನು, ಮಾತ್ರೆ ಶುರುವಾಯಿತು. ಬಸ್ಸಿಗೆ ಹತ್ತಿಸುವಾಗ ಅವರು ಕೇಳಿದ್ದು ಮೂಳೆಯ ಬಗ್ಗೆ ಅಲ್ಲ.

"ಆ ಅರ್ದ ಅರ್ದ ಲೆಕ್ಕ ಇವತ್ಗೆ ಎಷ್ಟಕ್ಕೆ ಬಂದಿರ್ತದೋ?"

"ಅಯ್ಯೋ, ಆ ದೋಸೆ ಚೂರಿಗಿಂತ ಸಣ್ಣದು ಬಿಡಿ."

"ಅಂದ್ರೆ ಅದೆ."

"ಲೆಕ್ಕಕ್ಕೆ ಅಷ್ಟೇ," ಎಂದೆ. ಬಸ್ಸು ಹೊರಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹಾಕುವವನು ನಾನು...

ಪತ್ರಿಕೆ ತಿದ್ದುವುದು ಮುಗಿದ ಮೇಲೆ ಕೆ.ಆರ್. ನಗರದ ಅಕ್ಕನ ಮನೆಯ ಗೃಹಪ್ರವೇಶ, ಅಲ್ಲಿ ಒಂದು ವಾರ. ಊರಿಗೆ ಬರುವ ಹೊತ್ತಿಗೆ ತಿಂಗಳೇ ಕಳೆದಿತ್ತು. ಸೊಸೆಗೆ ಹೆಣ್ಣು ಮಗುವಾಗಿ ಇಪ್ಪತ್ತೊಂದು ದಿನ. ತೊಟ್ಟಿಲು ಶಾಸ್ತ್ರವೂ ಮುಗಿದಿತ್ತು. ಸಂತೋಷದಿಂದ ನೋಡಲು ಹೋದರೆ ಮನೆಯಲ್ಲಿ ಯಾರ ಮುಖವೂ ಸರಿ ಇರಲಿಲ್ಲ. ದೊಡ್ಡಮ್ಮ, ಅಂದರೆ ಅವರ ಹೆಂಡತಿ, ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಸೆರಗು ಕಣ್ಣಿಗೊತ್ತಿಕೊಂಡರು.

"ನಿಮ್ ದೊಡ್ಡಪ್ಪ ಮಗೀನ ಒಂದ್ ದಿನ ಎತ್ಕಂಡಿಲ್ಲ ಕಣಪ್ಪ. ಎಣ್ಣು ಅಂತ ಮುನಿಸು. ತೊಟ್ಲಿಗೆ ಆಕೋ ದಿನವೂ ಅಂಗಳದಲ್ಲೇ ನಿಂತಿತ್ತು ಆ ಪ್ರಾಣಿ. ಸೊಪ್ಪಿನ ಸಸಿ ಮಡಿ ಕಾಯ್ಬೇಕು ಅಂತ ಬ್ಯಾರನ್ ತಾವೇ ಮಲೀಕತದೆ. ಸೊಸೆ ಬಾಯಿ ಬುಟ್ಟು ಏನೂ ಅನ್ನಕಿಲ್ಲ. ಮಗೀಗೆ ಹಾಲು ಕುಡಿಸ್ತಾ ಅಳ್ತಾ ಕುಂತಿರ್ತಾಳೆ."

ನನಗೆ ಕೆಂಡದಂಥ ಕೋಪ ಬಂತು. ಇಂಥ ಮನುಷ್ಯನೂ ಹೆಣ್ಣು ಗಂಡು ಎನ್ನುತ್ತಾನಲ್ಲ ಎಂದು ಬ್ಯಾರನ್ನಿಗೆ ಹೋದೆ. ದೊಡ್ಡಪ್ಪ ಸಸಿ ಮಡಿಗೆ ನೀರು ಚಿಮುಕಿಸುತ್ತಿದ್ದರು. ಇಳಿದುಹೋಗಿದ್ದರು. ನಾನು ಬಾಯಿಗೆ ಬಂದಂತೆ ಬೈದೆ. ಹಿರಿಯರು ಎಂದೂ ನೋಡಲಿಲ್ಲ. ಅವರು ನೀರಿನ ಕೊಡ ಕೆಳಗಿಟ್ಟು, ಎಲ್ಲ ಕೇಳಿಸಿಕೊಂಡು, ಮೆಲ್ಲಗೆ ಅಂದರು.

"ಪೂರ್ತಿ ಓಗಕಿಲ್ಲ ಅಂತ ನೀನೇ ಅಲ್ವೇನ್ಲಾ ಏಳಿದ್ದು?"

ಆ ಮನುಷ್ಯ ಸ್ಕ್ಯಾನ್ ಆದ ದಿನದಿಂದ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಊಟ ಅಂಗಳದಲ್ಲಿ, ನಿದ್ದೆ ಇಲ್ಲಿ. ಮಗು ಹುಟ್ಟಿದ ಮೇಲೆ, ಯಾರೂ ಏಳುವ ಮೊದಲೇ ಹಿತ್ತಲಿನಿಂದ ಬಂದು, ಬಚ್ಚಲ ಹಂಡೆಗೆ ಉರಿ ಹಾಕಿ, ನೀರು ಹದಕ್ಕೆ ಬಂತೇ ಎಂದು ಥರ್ಮಾಮೀಟರ್ ಅದ್ದಿ ನೋಡಿ, ಬಾಣಂತಿ ಬರುವ ಹೊತ್ತಿಗೆ ಅಲ್ಲಿಂದ ಹೊರಟುಬಿಡುತ್ತಿದ್ದರು. ಮಗುವಿನ ಅಳು ಹಿತ್ತಲ ತನಕ ಕೇಳುತ್ತಿತ್ತಂತೆ. "ದನಿ ಗಟ್ಟಿಯಾಗದೆ" ಎಂದರು.

ಅದು ಆವತ್ತೇ ಹೋಯಿತು, ಈಗ ಏನೂ ಇಲ್ಲ, ನಾನು ಹೇಳಿದ್ದು ಬರಿ ಲೆಕ್ಕದ ಮಾತು ಎಂದು ಗೋಗರೆದೆ. ಅವರಿಗೆ ಸಿಟ್ಟೂ ಬರಲಿಲ್ಲ. "ಆವತ್ತು ಓಗಕಿಲ್ಲ ಅಂದೆ. ಇವತ್ತು ಓಗದೆ ಅಂತೀಯ. ನಿನ್ ಯಾವ್ ಮಾತ ನಂಬಿ ಕೂಸಿನ ಮೈ ಮುಟ್ಲಿ? ತಣ್ಣಗದೆ ಅಂದೋನ ಮಾತ ಒಂದ್ಸಲ ನಂಬಿದ್ದೀನಿ ಕಣೋ ಮೇಷ್ಟ್ರೆ, ಸಾಕು."

ಆಗ ನೆನಪಾಯಿತು ಆ ಮೀಟರು. ಎರಡು ದಿನ ಬಿಟ್ಟು ಅವರನ್ನು ಕರೆದುಕೊಂಡು ಮತ್ತೆ ಮೈಸೂರಿಗೆ ಹೋದೆ. ಟೆಕ್ನಿಷಿಯನ್ ಹುಡುಗಿ ಮೊದಲು ನಕ್ಕಳು, ವಿಷಯ ಪೂರ್ತಿ ಕೇಳಿದ ಮೇಲೆ ನಗಲಿಲ್ಲ. ಮೀಟರನ್ನು ಆ ದಿನ ಬಂದ ಔಷಧಿಯ ಸೀಸದ ಡಬ್ಬಿಯ ಹತ್ತಿರ ಹಿಡಿದಳು, ಕಟಕಟ ಎಂದು ಒಂದೇ ಸಮನೆ ಬಡಿದುಕೊಂಡಿತು. ದೊಡ್ಡಪ್ಪನ ಎದೆ, ಹೊಟ್ಟೆ, ಅಂಗೈಗಳ ಮೇಲೆ ಹಿಡಿದಳು. ಆಗೊಮ್ಮೆ ಈಗೊಮ್ಮೆ ಒಂದು ಟಿಕ್, ಅಷ್ಟೇ. "ಗ್ವಾಡೆಗೆ ಇಡಿ" ಎಂದರು ದೊಡ್ಡಪ್ಪ. ಗೋಡೆಗೂ ಅಷ್ಟೇ. "ಇವನಿಗೆ ಇಡಿ" ಎಂದು ನನ್ನನ್ನು ಮುಂದೆ ತಳ್ಳಿದರು. ನನಗೂ ಅಷ್ಟೇ.

"ಗ್ವಾಡೆಗೂ ನಿಂಗೂ ನಂಗೂ ಒಂದೇ ಕಣ್ಲಾ" ಎಂದು ಮಗುವಿನ ಹಾಗೆ ನಕ್ಕರು. ಆ ತಿಂಗಳಲ್ಲಿ ಅವರು ನಕ್ಕದ್ದು ಅದೇ ಮೊದಲಿರಬೇಕು. ಹುಡುಗಿ ಮೀಟರು ಕೆಳಗಿಟ್ಟು, "ಮಾರನೆ ದಿನ ಬೆಳಿಗ್ಗೆ ಬಂದಿದ್ರೂ ಇಷ್ಟೇ ತೋರಿಸ್ತಿತ್ತು ತಾತ" ಎಂದಳು. ಅವಳ ಮಾತು ಬಿದ್ದದ್ದು ನನ್ನ ಎದೆಗೆ.

ಬಸ್ಸಿನಲ್ಲಿ ಅವರು ಒಂದೇ ಒಂದು ಮಾತು ಹೇಳಿದರು. "ಇದ್ನ ಮನೇಲಿ ಏಳ್ಬ್ಯಾಡ. ಹೊಟ್ಟೇಲಿದ್ದಾಗ ಈ ಮುದುಕ ಅತ್ರ ಬಂದಿದ್ನಾ ಏನೋ ಅಂತ ಆ ಎಣ್ಣು ಎದ್ರುಕತದೆ. ನಾಳೆ ಕೂಸು ಒಂದ್ ಕೆಮ್ಮು ಕೆಮ್ಮಿದ್ರೂ ಅದೇ ಅನ್ಕತದೆ. ಮುದುಕ ಮುನಿಸ್ಕಂಡಿದ್ದ ಅಂದ್ಕಂಡ್ರೆ ಅಂದ್ಕಳ್ಲಿ ಬುಡು."

ಮನೆಗೆ ಬಂದವರೇ ಕೈಕಾಲು ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು, ಎಲ್ಲರೂ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿರುವಾಗ ಎರಡೂ ಕೈ ಚಾಚಿದರು. ಸೊಸೆ ಮಗುವನ್ನು ಅವರ ಕೈಗಿಟ್ಟಳು. ಬೆಂದ ಎಲೆಯ ನರ ಒಣಗಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡುವ ಅಭ್ಯಾಸ ಅವರದು. ಹಾಗೆಯೇ ಆ ಪುಟ್ಟ ಹಿಮ್ಮಡಿಯನ್ನು ಮೆಲ್ಲಗೆ ಒತ್ತಿ ನೋಡಿದರು. ನಾನು ಅಂಗಳಕ್ಕೆ ಇಳಿದೆ.

ಆಮೇಲೆ ಆ ಮಗು ಅವರ ಮಡಿಲು ಬಿಟ್ಟು ಇಳಿಯಲಿಲ್ಲ. ಕಾಯಿಲೆಯ ವಿಷಯ ಮನೆಯವರಿಗೆ ತಿಳಿಯಿತು, ಅತ್ತರು, ಔಷಧಿ ನಡೆಯಿತು. ಮಗು ನಡೆಯಲು ಕಲಿತು, ತಾತಾ ಎನ್ನಲು ಕಲಿತು, ಮಾರನೆಯ ವರ್ಷದ ಸೊಪ್ಪಿನ ಕಾಲ ಬರುವಷ್ಟರಲ್ಲಿ ದೊಡ್ಡಪ್ಪ ಹೊರಟುಹೋದರು. ಹೋಗುವ ಹತ್ತು ದಿನ ಮುಂಚೆ ಈ ಥರ್ಮಾಮೀಟರನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿತ್ತಿದ್ದರು. "ನಿನ್ ತಾವ್ ಇರ್ಲಿ. ಮಾತಾಡೋಕ್ ಮುಂಚೆ ಒಂದ್ಸಲ ನೋಡು." ನಕ್ಕೇ ಹೇಳಿದ್ದು. ನಾನು ಅದನ್ನು ಅಟ್ಟಕ್ಕೆ ಹಾಕಿದೆ.

ಆರು ವರ್ಷ ನಾನು ಬಸ್ಸಿನಲ್ಲಿ ಅವರಿಗೆ ಕೊಟ್ಟ ಮಾತು ಉಳಿಸಿಕೊಂಡೆ ಎಂದುಕೊಂಡಿದ್ದೆ. ಸುಳ್ಳು. ಮಗು ಗುಂಡುಕಲ್ಲಿನಂತೆ ಬೆಳೆದ ಮೇಲೆ ಆ ಮಾತಿಗೆ ಅರ್ಥವೇ ಉಳಿದಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದು ನನ್ನ ತಪ್ಪು ಹೊರಗೆ ಬೀಳುತ್ತದೆಂದು. ಬಣ್ಣ ಹೊಡೆಯುವವರು ಗೋಡೆ ಉಜ್ಜುತ್ತಿದ್ದ ಆ ದಿನ, ಸುರುಳಿ ಕೈಯಲ್ಲಿ ಹಿಡಿದು ಪಕ್ಕದ ಮನೆಗೆ ಹೋದೆ. ಸೊಸೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಥರ್ಮಾಮೀಟರ್ ನೋಡಿ, "ಮಾವನ್ದು" ಎಂದಳು. ಮರದ ಪಟ್ಟಿಯನ್ನು ಸೆರಗಿನಿಂದ ಒರೆಸುತ್ತಾ, "ಒಳ್ಳೇರು ಕಣಣ್ಣ. ಮೊದ್ಲು ಎಣ್ಣು ಅಂತ ಬ್ಯಾಸ್ರ ಮಾಡ್ಕಂಡಿದ್ರು, ಆಮೇಲೆ ಸರಿ ಓದ್ರು" ಎಂದಳು.

ಕೂತು ಎಲ್ಲವನ್ನೂ ಹೇಳಿದೆ. ದೋಸೆ ಹರಿದದ್ದು, ನಕ್ಕದ್ದು, ಬಸ್ಸಿನ ಕಂಬಿ, ಸಸಿ ಮಡಿ, ಹಂಡೆಯ ನೀರು, ಯಾವುದನ್ನೂ ಬಿಡಲಿಲ್ಲ. ಅವಳ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು.

"ನೀರು ದಿನಾ ಅದವಾಗಿ ಕಾದಿರೋದು..." ಎಂದಳು. "ಅತ್ತೆ ಕಾಯ್ಸವ್ರೆ ಅನ್ಕಂಡಿದ್ದೆ. ಕೇಳ್ಲೇ ಇಲ್ಲ ನಾನು."

ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು. "ಇಷ್ಟು ವರ್ಸ ಅವ್ರ ಪೋಟಕ್ಕೆ ಊವ ಮುಡಿಸ್ವಾಗೆಲ್ಲ ಅದೊಂದು ಮಾತು ಮನಸ್ನಲ್ಲಿ ಇದ್ದೇ ಇತ್ತು. ಮುಂಚೆನೇ ಏಳ್ಬೋದಾಗಿತ್ತು ಕಣಣ್ಣ ನೀವು."

ಹೇಳಬಹುದಾಗಿತ್ತು.

ಅಷ್ಟರಲ್ಲಿ ಶಾಲೆಯಿಂದ ಬಂದ ಆ ಮಗು ಚೀಲ ಎಸೆದು, ಇದೇನು ಎಂದು ಥರ್ಮಾಮೀಟರ್ ಕಿತ್ತುಕೊಂಡಿತು. ತಾಯಿ ಬೇಡ ಎನ್ನಲಿಲ್ಲ. ಪಾದರಸದ ಬುರುಡೆಯನ್ನು ಮುಷ್ಟಿಯಲ್ಲಿ ಹಿಡಿದುಕೋ ಎಂದು ನಾನು ತೋರಿಸಿಕೊಟ್ಟೆ. ಮೂವರೂ ಬಗ್ಗಿ ನೋಡಿದೆವು. ಬೆಳ್ಳಿಯ ಗೆರೆ ಮೆಲ್ಲಗೆ ಏರಿ, ತೊಂಬತ್ತು ದಾಟಿ, ಚಾಕುವಿನಿಂದ ಕೊರೆದ ಗುರುತಿಗೆ ಇನ್ನೂ ಸ್ವಲ್ಪ ಇರುವಾಗ ನಿಂತುಬಿಟ್ಟಿತು.

ಅದರ ಕೆಳಗಿದ್ದರೆ ಮಗುವಿಗೆ ಭಯವಿಲ್ಲ ಎಂಬ ಆ ಗುರುತಿನ ಅರ್ಥ ಸೊಸೆಗೆ ಗೊತ್ತಿತ್ತು. ಆ ಮನೆಯಲ್ಲಿ ಅದು ಯಾರಿಗೆ ತಾನೇ ಗೊತ್ತಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು ಅವಳು ಅತ್ತಳು. ಇಪ್ಪತ್ತಮೂರು ದಿನ ಆ ಮನುಷ್ಯ ಹೊಸ್ತಿಲಾಚೆ ನಿಂತು ಕೇಳಿದ್ದು ಇಷ್ಟನ್ನೇ, ಯಾರಾದರೂ ಅಳೆದು ತೋರಿಸಿ ಎಂದು. ಥರ್ಮಾಮೀಟರನ್ನು ಮಗುವಿನ ಕೈಯಲ್ಲೇ ಬಿಟ್ಟು ಮನೆಗೆ ಬಂದೆ.